ಚನಬಸವ್ವನ ಹಠ

ಸತ್ತವರ ಗುಣಗಳನ್ನು ಹಂಚುವ ಕಚೇರಿ ನಮ್ಮ ಬೆಟಗೇರಿಯಲ್ಲಿ ರೇಷನ್ ಅಂಗಡಿಯ ಪಕ್ಕದಲ್ಲಿದೆ. ಗೆಳತಿ ಚನಬಸವ್ವ ತನ್ನ ಹಠವನ್ನು ನನ್ನ ಹೆಸರಿಗೆ ಬರೆದಿಟ್ಟು ಹೋಗಿದ್ದಳು. ವರ್ಷದೊಳಗೆ ಪಡೆಯದಿದ್ದರೆ ಅದು ಗಾಳಿಪಾಲು. ಇಂದೇ ಕಡೆಯ ದಿನ. ಹೊಸ ಗುಣ ಬಂದರೆ ಹಳೆಯದೊಂದು ಜಾಗ ಬಿಡುವುದುಂಟು. ನನಗಿದ್ದ ಗುಣ ತಾಳ್ಮೆಯೊಂದೇ. ಅದು ಹೋದೀತೆಂದು ಹೆದರಿ ಇಷ್ಟು ತಡಮಾಡಿದ್ದೆ.

ಅವಳದು ಅಂಥಿಂಥ ಹಠವಲ್ಲ. ಕ್ಯಾನ್ಸರಿನ ಔಷಧಕ್ಕೆ ಕೂದಲೆಲ್ಲ ಉದುರಿದಾಗ ತಲೆಗೆ ಸೆರಗು ಹೊದ್ದುಕೊಳ್ಳೆಂದು ನಾನಂದರೆ, "ತಲಿ ನಂದು, ನಾಚಿಕಿ ನಿಂದು. ನೀನ ಹೊದ್ಕೋ," ಎಂದಿದ್ದಳು. ಅರವತ್ತು ದಾಟಿದ ನನ್ನನ್ನು ರಾತ್ರಿಶಾಲೆಗೆ ಎಳೆದೊಯ್ದವಳೂ ಅವಳೇ.

ಕಚೇರಿಯ ಗುಮಾಸ್ತೆ ಶಾಯಿಯ ಡಬ್ಬಿ ಮುಂದೆ ಸರಿಸಿ, "ಯಬೇ, ಇಲ್ಲಿ ಹೆಬ್ಬೆಟ್ಟು ಒತ್ತು," ಎಂದಳು.

"ನಾ ಸಹಿ ಮಾಡ್ತೀನಿ."

"ಭಾಳ ಹೊತ್ತಾಗತೈತಿ. ನಿನ್ನ ಹಿಂದ ಮಂದಿ ನಿಂತಾರ."

"ನಿಂದರ್ಲಿ. ಹೆಬ್ಬೆಟ್ಟು ಮಾತ್ರ ಒತ್ತೂದಿಲ್ಲ."

ನೀ, ಲ, ವ್ವ ಎಂದು ಬಾಯಲ್ಲೇ ಹೇಳಿಕೊಳ್ಳುತ್ತ ಮೂರಕ್ಷರ ಬರೆದೆ. ಹಿಂದಿನವರು ಗೊಣಗಿದರು. ಕೈ ಅವಸರ ಮಾಡಲಿಲ್ಲ.

"ನಮ್ಮ ಚನಬಸವ್ವನ ಹಠ ಜೋರೈತಿ ನೋಡವಾ," ಎಂದೆ. "ಬಂದ ಕೂಡ್ಲೆ ಕೆಲಸಕ್ಕ ಹತ್ತೇತಿ."

ಗುಮಾಸ್ತೆ ಹಿಂದಿನ ಕಪಾಟಿನ ಕೀಲಿ ಹುಡುಕುತ್ತಿದ್ದಳು. ತಿರುಗಿ ನನ್ನ ಮುಖ ನೋಡಿದಳು.

"ಅದನ್ನ ನಾ ಇನ್ನೂ ಕೊಟ್ಟ ಇಲ್ಲಲ್ಲಬೇ."

ಕೀಲಿ ಬೇಗ ಸಿಗಲಿಲ್ಲ. ನಾನು ಪೆನ್ನಿನ ಟೋಪಿ ಮುಚ್ಚಿ, ಎಂದಿನಂತೆ ಕಾಯುತ್ತ ನಿಂತೆ.