ಸರಸ್ವತಿಪುರಂನ ಕಲಗಚ್ಚು

ಗುರುತು ಪರಿಚಯವಿಲ್ಲದವರ ಹಿತ್ತಲಲ್ಲಿ ಶಿವನಂಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರ ಮನೆ ಕಲಗಚ್ಚಿನ ಬಕೆಟ್ಟಿಗೆ ಮೊಣಕೈವರೆಗೂ ಕೈ ಇಳಿಸಿದಾಗ ಅವಳ ಗಂಡ ಕರಿಬಸವಯ್ಯನಿಗೆ ಭೂಮಿ ಬಾಯಿಬಿಟ್ಟರೆ ಸಾಕಪ್ಪಾ ಅನ್ನಿಸಿತು. ಸರಸ್ವತಿಪುರಂನಂಥ ಮರ್ಯಾದಸ್ಥರ ಬಡಾವಣೆ. ಕದ ತಟ್ಟಿ, 'ಪಕ್ಕದ ಖಾಲಿ ಮನೆ ನೋಡೋಕೆ ಬಂದಿದ್ದೀವಿ ಕಣಮ್ಮ, ಒಂದು ಸಲ ನಿಮ್ಮನೆ ಕಲಗಚ್ಚು ನೋಡಬಹುದಾ' ಎಂದು ಕೇಳುವ ಹೆಂಗಸು ಇಡೀ ಮೈಸೂರು ಸಂಸ್ಥಾನದಲ್ಲಿ ಇವಳೊಬ್ಬಳೇ ಇರಬೇಕು.

ಕರಿಬಸವಯ್ಯ ನರಸೀಪುರದ ತಾಲ್ಲೂಕು ಕಚೇರಿಯ ಗುಮಾಸ್ತ. ಮೈಸೂರಿಗೆ ವರ್ಗವಾಗಿ ವಾರವಾಗಿತ್ತು. ಪಕ್ಕದ ಖಾಲಿ ಮನೆ ಅವನ ಮನಸ್ಸಿಗೆ ಬಂದುಬಿಟ್ಟಿತ್ತು. ಅಂಗಳದಲ್ಲೇ ನಲ್ಲಿ, ಎರಡು ಹೆಣ್ಣುಮಕ್ಕಳಿಗೂ ನಡೆದುಹೋಗುವಷ್ಟು ಹತ್ತಿರದ ಸ್ಕೂಲು, ಹಿಂದೆ ಒಂದು ಕೊಟ್ಟಿಗೆ ಬೇರೆ. ಇನ್ನೇನು ಬೇಕು? ಬೇಕಾಗಿದ್ದದ್ದು ಅವನ ಹೆಂಡತಿಗೆ. ಅವಳು ಊರಿನಲ್ಲೇ ಕಡ್ಡಿ ಮುರಿದ ಹಾಗೆ ಹೇಳಿದ್ದಳು: ಗೌರಿ ಬಂದರೆ ನಾನೂ ಮಕ್ಕಳೂ ಬರ್ತೀವಿ, ಇಲ್ಲದಿದ್ದರೆ ನೀವೊಬ್ಬರೇ ಹೋಗಿ ಹೋಟೆಲೂಟ ಮಾಡ್ಕೊಂಡಿರಿ. ಗೌರಿ ಅಂದರೆ ಅವಳು ಕರುವಿನಿಂದ ಸಾಕಿದ ಹಸು. ಪಟ್ಟಣದಲ್ಲಿ ಹುಲ್ಲುಗಾವಲು ಎಲ್ಲಿಂದ ಬರಬೇಕು? ಅಕ್ಕಪಕ್ಕದ ಮನೆಯವರು ಎತ್ತಿಡುವ ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ, ಮಿಕ್ಕಿದ್ದು ಉಳಿದದ್ದೇ ಹಸುವಿನ ಹೊಟ್ಟೆಗೆ ಆಧಾರ. ಆದ್ದರಿಂದ ಬಡಾವಣೆ ನೋಡುವುದೆಂದರೆ ಅದರ ಕಲಗಚ್ಚು ನೋಡುವುದು. ಇದು ಶಿವನಂಜಮ್ಮನ ಕಾನೂನು, ಇದಕ್ಕೆ ಅಪೀಲು ಇರಲಿಲ್ಲ.

ಬೆಳಗಿನಿಂದ ಜಟಕಾದಲ್ಲಿ ಇದೇ ಮೆರವಣಿಗೆ. ಲಷ್ಕರ್ ಮೊಹಲ್ಲಾದಲ್ಲಿ ಬೀದಿಗೆ ನಾಲ್ಕು ಹಸು, ಪ್ರತಿ ಮನೆಯ ಕಲಗಚ್ಚಿಗೂ ಆಗಲೇ ಖಾಯಂ ಗಿರಾಕಿ. ನಜರ್‌ಬಾದಿನಲ್ಲಿ ಕಲಗಚ್ಚೇನೋ ಘಮಘಮ ಅನ್ನುತ್ತಿತ್ತಂತೆ, ಆದರೆ ಹಸು ಕಟ್ಟೋಕೆ ಜಾಗವಿಲ್ಲ, ಬೀದಿಯ ಕಂಬಕ್ಕೆ ಕಟ್ಟಿಕೊಳ್ಳಿ ಎಂದರು ಮನೆಯವರು. ಅಷ್ಟು ಹೊತ್ತಿಗೆ ಜಟಕಾದವನೂ ಈ ವಿಷಯದಲ್ಲಿ ಸಲಹೆ ಕೊಡಲು ಶುರುಮಾಡಿದ್ದ. ಉಳಿದದ್ದು ಇದೊಂದೇ ಮನೆ. ಇದೂ ತಪ್ಪಿದರೆ ತನಗೆ ಹೋಟೆಲೂಟವೇ ಗತಿ ಎಂದು ಕರಿಬಸವಯ್ಯ ನಂಜುಂಡೇಶ್ವರನಿಗೆ ಮನಸ್ಸಿನಲ್ಲೇ ಕೈಮುಗಿದ.

ಶಿವನಂಜಮ್ಮನ ಕೈ ಮೇಲೆ ಬಂತು. ಮುಷ್ಟಿ ತುಂಬ ಅನ್ನ, ಬೆಳ್ಳಗೆ, ಉದುರುದುರಾಗಿ. ಮತ್ತೆ ಮುಳುಗಿಸಿದರೆ ಮತ್ತೆ ಅನ್ನ. ಕರಿಬಸವಯ್ಯನ ಮುಖ ಅರಳಿತು. ಗೌರಿ ಪುಣ್ಯ ಮಾಡಿದ್ದಾಳೆ ಕಣೇ, ದಿನಾ ಹಬ್ಬ ಅವಳಿಗೆ ಎಂದು ಪಿಸುಗುಟ್ಟಿದ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ಆ ಅನ್ನಕ್ಕೆ ಸಾರು ಬಿದ್ದಿರಲಿಲ್ಲ, ಯಾರ ಬೆರಳೂ ಆಡಿರಲಿಲ್ಲ. ಮೂರು ಜನ ಉಣ್ಣುವಷ್ಟು ಅನ್ನ ತಪ್ಪಲೆಯಿಂದ ನೇರವಾಗಿ ಬಕೆಟ್ಟಿಗೆ ಬಂದಿತ್ತು. ಅವಳು ಕೈ ತೊಳೆದುಕೊಂಡು, ಹಿತ್ತಲ ಬಾಗಿಲಲ್ಲಿ ನಿಂತು ಇದನ್ನೆಲ್ಲ ತಮಾಷೆಯಾಗಿ ನೋಡುತ್ತಿದ್ದ ಮನೆಯೊಡತಿ ಗಿರಿಜಾಂಬಾ ಹತ್ತಿರ ಹೋದಳು.

"ಅಕ್ಕಾ, ರಾತ್ರಿ ನಿಮ್ಮನೇಲಿ ಯಾಕೆ ಯಾರೂ ಉಣ್ಣಲಿಲ್ಲ?"

ಗಿರಿಜಾಂಬಾಗೆ ನಗು ಅಲ್ಲೇ ನಿಂತುಹೋಯಿತು. ಏನಿಲ್ಲ, ಏನಿಲ್ಲ ಎನ್ನುತ್ತಲೇ ಎಲ್ಲ ಹೇಳಿಬಿಟ್ಟರು. ಯಜಮಾನರು ಸ್ಕೂಲ್ ಇನ್‌ಸ್ಪೆಕ್ಟರು, ತಿಂಗಳಲ್ಲಿ ಇಪ್ಪತ್ತು ದಿನ ಸರ್ಕೀಟು. ಸಾಯಂಕಾಲದ ಬಸ್ಸಿಗೆ ಬರ್ತೀನಿ ಅಂತ ಹೋಗುತ್ತಾರೆ, ಒಂದು ದಿನ ಬಂದರೆ ನಾಲ್ಕು ದಿನ ಇಲ್ಲ. ಹಸಿದು ಬಂದವರಿಗೆ ಅನ್ನವಿಲ್ಲ ಅನ್ನೋಕಾಗುತ್ತದೆಯೇ ಎಂದು ದಿನಾ ಒಲೆ ಹಚ್ಚುವುದು. ಚಾಮರಾಜನಗರದಿಂದ ಇಲ್ಲಿಗೆ ಬಂದು ಆರು ತಿಂಗಳಾಯಿತು. ಸುತ್ತಮುತ್ತ ಎಲ್ಲರೂ ಒಳ್ಳೆಯವರೇ, ಆದರೆ ಮನೆಮನೆಗೂ ಕಾಂಪೌಂಡು, ಗೇಟು ದಾಟಿ ಒಳಗೆ ಬಂದವರು ನೀವೇ ಮೊದಲು. "ಒಬ್ಬಳೇ ಕೂತರೆ ಗಂಟಲಲ್ಲಿ ತುತ್ತು ಇಳಿಯೋದಿಲ್ಲ ತಾಯಿ. ನಿಮ್ಮ ಹಸು ಬಂದರೆ ನನ್ನ ಅನ್ನಕ್ಕೂ ಒಂದು ದಾರಿಯಾಯಿತು," ಎಂದು ನಗಲು ಹೋದರು. ಕಣ್ಣು ತುಂಬಿಕೊಂಡಿತು.

ಹೆಂಗಸರಿಬ್ಬರೂ ಒಳಗೆ ಹೋದರು. ಕಾಫಿ ಹೊರಗೆ ಬಂತು, ಹೆಂಡತಿ ಬರಲಿಲ್ಲ. ಒಳಗಿಂದ ಮೊದಲು ಮೂಗೊರೆಸುವ ಸದ್ದು, ಆಮೇಲೆ ಮಾತು, ಆಮೇಲೆ ಇಬ್ಬರೂ ಬಿದ್ದುಬಿದ್ದು ನಗುವುದು ಕೇಳಿಸಿತು. ತನ್ನ ವಿಷಯವೇ ಇರಬೇಕು ಅಂದುಕೊಂಡ ಕರಿಬಸವಯ್ಯ. ಜಟಕಾದವನು ಎರಡು ಸಲ ಬಂದು ಇಣುಕಿ ಹೋದ. ಕೊನೆಗೆ ಶಿವನಂಜಮ್ಮ ತಲೆಗೆ ಒಂದು ಮೊಳ ಕನಕಾಂಬರ ಮುಡಿದುಕೊಂಡು ಬಂದು ಜಟಕಾ ಹತ್ತಿ, ಪಕ್ಕದ ಮನೇನೇ ಗೊತ್ತುಮಾಡಿಬಿಡಿ ಅಂದಳು. ಕರಿಬಸವಯ್ಯನಿಗೆ ಹೋದ ಜೀವ ಬಂದ ಹಾಗಾಯಿತು. ಅಂತೂ ನಿನ್ನ ಗೌರಿಗೆ ಅನ್ನದ ಕಣಜವೇ ಸಿಕ್ಕಿತಲ್ಲ ಎಂದು ಹೆಂಡತಿಯನ್ನು ಛೇಡಿಸಿದ.

"ಎಲ್ಲಿ ಕಣಜ? ಇನ್ಮೇಲೆ ದಿನಾ ರಾತ್ರಿ ಅಕ್ಕ ಅನ್ನ ತರ್ತಾರೆ, ನಾನು ಸಾರು ಮಾಡ್ತೀನಿ, ಎಲ್ಲರೂ ಒಟ್ಟಿಗೆ ಕೂತು ಉಣ್ಣೋದು. ಆ ಬಕೆಟ್ಟಿಗೆ ಒಂದು ಅಗುಳೂ ಬೀಳೋಲ್ಲ ಕಣ್ರೀ," ಅಂದಳು ಶಿವನಂಜಮ್ಮ. "ಗೌರಿಗೆ ನೀವು ಸಂತೇಪೇಟೆಯಿಂದ ಬೂಸಾ ಹೊತ್ಕೊಂಡು ಬನ್ನಿ."