ಬಸ್ಸು ಹತ್ತಿದ ಮೇಕೆ

“ಮಂಕುದಿಣ್ಣೆ ಮೇಡಂ ಇವನು! ಏಳು ವರ್ಷ ತುಂಬಿದೆ, ನಾಲ್ಕು ಜನರೆದುರು ತುಟಿ ಬಿಚ್ಚಲ್ಲ.”

ಅಪ್ಪನ ದನಿಗೆ ಕ್ಲಿನಿಕ್ಕಿನಲ್ಲಿ ಕಾಯುತ್ತ ಕೂತಿದ್ದವರೆಲ್ಲ ತಿರುಗಿ ನೋಡಿದರು. ಹುಡುಗ ತಲೆ ತಗ್ಗಿಸಿದ.

ಆಟ ಆಡಿಸಿಯೇ ಮಕ್ಕಳ ಅಳುಕು ಬಿಡಿಸುವ ಮೇಡಂ, ಅಪ್ಪ ಮಗ ಇಬ್ಬರನ್ನೂ ಬೊಂಬೆಗಳ ಕೋಣೆಗೆ ಕರೆದೊಯ್ದರು. “ಇಲ್ಲಿ ಮಗು ಹೇಳಿದ್ದೇ ಆಟ. ದೊಡ್ಡವರು ತಿದ್ದೋ ಹಾಗಿಲ್ಲ.”

ಬೊಂಬೆಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿದ ಹುಡುಗ ಮೆಲ್ಲಗೆ ಪೀಪಿ ಎತ್ತಿಕೊಂಡ. “ಈ ಕೋಣೇನೇ ಬಸ್ಸು. ನಾನು ಕಂಡಕ್ಟರ್. ಅಪ್ಪಾ, ನೀನು ಮೇಕೆ.”

“ಲೋ, ನಾನು ಡ್ರೈವರ್ ಆಗ್ತೀನಿ ಕಣೋ.”

“ಮೇಕೆ ಮಾತಾಡಲ್ಲ!”

ಅಪ್ಪ ಮೇಡಂ ಮುಖ ನೋಡಿ, ಗತಿಯಿಲ್ಲದೆ ಮಂಡಿಯೂರಿ “ಮ್ಯಾ” ಅಂದ. ಹುಡುಗ ಬಿದ್ದು ಬಿದ್ದು ನಕ್ಕ. ಆ ನಗು ಕೇಳಿದ್ದೇ ತಡ, ಅಪ್ಪನಿಗೂ ಹುಚ್ಚು ಹಿಡಿಯಿತು. ಕುರ್ಚಿ ಹತ್ತಿ ಅರಚಿದ, ಮೇಡಂ ದುಪಟ್ಟಾ ಮೇಯಲು ಹೋದ. “ರೈಟ್ ರೈಟ್!” ಎಂಬ ಹುಡುಗನ ಕೂಗಿಗೆ ಕಿಟಕಿಯ ಗಾಜು ನಡುಗಿತು.

ಹೊರಗೆ ಬಂದಾಗ ಅಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಕೇಳಿದಳು: “ಮಗೂಗೆ ವಾಸಿ ಆಯ್ತೇನಪ್ಪಾ?”

ಅಪ್ಪ ಬಾಯಿ ತೆರೆಯುವ ಮೊದಲೇ ಹುಡುಗ ಎಲ್ಲರಿಗೂ ಕೇಳುವಂತೆ ಹೇಳಿದ: “ನನಗಲ್ಲ ಅಜ್ಜೀ, ನಮ್ಮಪ್ಪಂಗೆ ತೋರಿಸ್ತಿರೋದು. ಮೊದಲು ಬರೀ ಬೈತಿದ್ದ. ಈಗ ಎಷ್ಟು ಚೆನ್ನಾಗಿ ಮ್ಯಾ ಅಂತಾನೆ!”

ಅಪ್ಪ ಉಕ್ಕುವ ನಗು ತಡೆಯಲಾರದೆ ಬಾಗಿಲತ್ತ ನಡೆದ.