ಕೊನೆಯ ಸಾಲಿನ ನೀಲಿ ಕಾರು

"ಕೊಡೆ ಮರೀತಾರೆ, ಚಪ್ಪಲಿ ಮರೀತಾರೆ. ಕಾರನ್ನ ಯಾರಾದ್ರೂ ಮರೆತು ಹೋಗ್ತಾರಾ?"

ಗೇಟಕ್ಕ ಕೇಳಿದ್ದು ಯಾರನ್ನೂ ಅಲ್ಲ. ಆಸ್ಪತ್ರೆಯ ಪಾರ್ಕಿಂಗ್ ಅಂಗಳ ಖಾಲಿಯಾಗಿತ್ತು. ಬೆಳಗಿನಿಂದ ಒಂದೊಂದೇ ವಾಹನವನ್ನು ಬೇಡಿಕೊಂಡು, ಗದರಿಸಿ ಹೊರಗೆ ಕಳಿಸಿದವಳು ಗೇಟಿನ ಕಾವಲಿಗಿದ್ದ ಅವಳೇ. ಉಳಿದದ್ದು ಕೊನೆಯ ಸಾಲಿನ ನೀಲಿ ಕಾರೊಂದೇ. ಇಪ್ಪತ್ತಮೂರು ದಿನದಿಂದ ಅದು ಅಲುಗಿರಲಿಲ್ಲ. ಅವಳ ಪುಸ್ತಕದಲ್ಲಿ ಬರೆದುಕೊಂಡಿದ್ದ ಫೋನ್ ನಂಬರಿಗೆ ಎಷ್ಟು ಸಲ ಮಾಡಿದರೂ ಸ್ವಿಚ್ ಆಫ್.

ಇವತ್ತು ನೆಲಕ್ಕೆ ಸೀಲ್‌ಕೋಟ್. ಮೂರು ವರ್ಷಕ್ಕೊಮ್ಮೆ ಡಾಂಬರಿನ ಮೇಲೆ ಎಳೆಯುವ ಕಪ್ಪು ಲೇಪನ. ಬಿಸಿಲು, ನೀರು, ಎಣ್ಣೆ ಒಳಗಿಳಿಯದಂತೆ ನೆಲವನ್ನು ಕಾಯುವ ತೆಳು ಚರ್ಮ. ಸಂಜೆಯೊಳಗೆ ಮುಗಿದರೆ ನಾಳೆ ಒಣಗಿ, ನಾಡಿದ್ದು ಗೇಟು ತೆಗೆಯಬಹುದು. ಕಾರು ಅಲ್ಲೇ ಇದ್ದರೆ ಆಗದ ಮಾತು. ಮೂರು ಗಂಟೆಗೆ ಲಾರಿ ಬಂದು ಎಳೆದೊಯ್ಯುತ್ತದೆ ಎಂದು ಮ್ಯಾನೇಜರ್ ಹೇಳಿಯಾಗಿತ್ತು.

ಲೇಪನದ ಮೇಸ್ತ್ರಿ ಒಬ್ಬನೇ ಬಂದಿದ್ದ. ಮೂರು ವರ್ಷದ ಹಿಂದೆ ಬಂದಿದ್ದವನೂ ಅವನೇ. ಅವತ್ತು ವ್ಯಾನಿನಲ್ಲಿ ಅವನ ಫೋನ್ ಬಾಯಿ ಬಡಿದುಕೊಳ್ಳುತ್ತಿದ್ದರೂ ತಿರುಗಿ ನೋಡಿರಲಿಲ್ಲ. "ನಡುವೆ ನಿಲ್ಲಿಸಿದ್ರೆ ಗೀಟು ಬೀಳತ್ತೆ ಅಕ್ಕ. ಅಂಚು ಮುಟ್ಟೋವರೆಗೆ ದೇವರು ಕರೆದ್ರೂ ಕಾಯಬೇಕು," ಎಂದಿದ್ದ.

ಇವತ್ತು ಫೋನ್ ಅಂಗಿಯ ಜೇಬಿನಲ್ಲಿತ್ತು. ಅದು ಗುಂಯ್ ಎಂದಾಗಲೆಲ್ಲ ಉದ್ದ ಹಿಡಿಯ ರಬ್ಬರು ಪಟ್ಟಿಯನ್ನು ನಿಲ್ಲಿಸಿ, ತೆಗೆದು ನೋಡಿ, ಮತ್ತೆ ಎಳೆಯುತ್ತಿದ್ದ. ಹೊಸ ಕಪ್ಪಿನ ಮೇಲೆ ಆಗಲೇ ಮೂರು ಗೀಟು ಬಿದ್ದಿದ್ದವು.

"ಏನ್ ಮೇಸ್ತ್ರಿ, ಕೈ ತಪ್ತಾ ಇದೆಯಲ್ಲ?"

"ವಯಸ್ಸಾಯ್ತಕ್ಕ."

"ಮೂರು ವರ್ಷಕ್ಕೇನಾ? ಹಾಗಾದ್ರೆ ನಾನು ಇಷ್ಟು ಹೊತ್ತಿಗೆ ಬೂದಿ ಆಗಿರಬೇಕಿತ್ತು."

ಅವನು ಮುಂದಿನ ಸಾಲಿಗೆ ಹೋದ. ಬಿರುಕುಗಳಿಗೆ ಅಂಟು ತುಂಬಿದ. ಎಣ್ಣೆ ಕಲೆಗಳನ್ನು ಉಜ್ಜಿ ತೊಳೆದ. ಆಮೇಲೆ ನೀಲಿ ಕಾರಿನ ಹತ್ತಿರ ಹೋಗಿ, ಹೆಗಲ ಮೇಲಿನ ಟವೆಲಿನಿಂದ ಅದರ ಗಾಜು ಒರೆಸತೊಡಗಿದ.

"ಅದಕ್ಯಾಕೆ ಸೇವೆ?"

"ಧೂಳು ಹಸಿ ಲೇಪನಕ್ಕೆ ಉದುರತ್ತೆ."

ನಾಲ್ಕು ಚಕ್ರಕ್ಕೂ ಸಿಡಿಯದಂತೆ ಪ್ಲಾಸ್ಟಿಕ್ ಹಾಳೆ ಸುತ್ತಿದ. ಕೈ ಅಡ್ಡ ಹಿಡಿದು ಕಿಟಕಿಯೊಳಗೆ ಇಣುಕಿದ. ಇಣುಕಿದವನು ಹಾಗೇ ನಿಂತ, ಬಹಳ ಹೊತ್ತು. ಗೇಟಕ್ಕ ಕತ್ತು ಚಾಚಿ ನೋಡಿದಳು. ವಾರಸುದಾರರಿಲ್ಲದ ಗಾಡಿ. ಯಾರಿಗಾದರೂ ಆಸೆ ಹುಟ್ಟಬಹುದು. ಮನುಷ್ಯ ಒಳ್ಳೆಯವನೆಂದುಕೊಂಡಿದ್ದಳು. ಕಣ್ಣಿಡಬೇಕು ಎಂದುಕೊಂಡಳು.

ಮಧ್ಯಾಹ್ನ ಅವನಿಗೂ ಒಂದು ಲೋಟ ಚಹಾ ಕೊಟ್ಟು, ಗೇಟಿನ ನೆರಳಲ್ಲಿ ಕೂರಿಸಿಕೊಂಡಳು. ಕಣ್ಣಿಡುವುದಕ್ಕೆ ಅದೇ ಸುಲಭ.

"ಆ ಕಾರು ತಂದಿದ್ದು ಯಾರಕ್ಕ?" ಅವನೇ ಕೇಳಿದ, ಲೋಟ ನೋಡುತ್ತ.

ಬಂದ ನೋಡು ವಿಷಯಕ್ಕೆ, ಎಂದುಕೊಂಡಳು ಗೇಟಕ್ಕ. "ಯಾರೋ ಹೆಂಗಸು. ಒಬ್ಬಳೇ ಬಂದಿದ್ಲು. ಎದೆ ಹಿಡ್ಕೊಂಡು ಇಳಿದ್ಲು. ನನಗೇನು ಗೊತ್ತು? ಇದೇನಮ್ಮ, ಅಡ್ಡಾದಿಡ್ಡಿ ನಿಲ್ಲಿಸಿದ್ದೀರಿ ಅಂದೆ. ಪಾಪ, ನಕ್ಕಳು."

"ನಕ್ಕಳಾ?"

"ಹೂಂ. 'ತಪ್ಪಾಯ್ತಕ್ಕ, ನಮ್ಮವರು ಬಂದು ನೆಟ್ಟಗೆ ನಿಲ್ಲಿಸ್ತಾರೆ' ಅಂದ್ಲು."

ಮೇಸ್ತ್ರಿ ಲೋಟವನ್ನು ನೆಲಕ್ಕಿಟ್ಟ. "ಇನ್ನೇನಂದ್ಲು?"

"ಇನ್ನೇನು? 'ಅವರು ಕೆಲಸದಲ್ಲಿದ್ದಾರೆ, ಬಂದಾಗ ಬೈಬೇಡಿ' ಅಂದ್ಲು. ನೋಡಿ, ಆ ಸಂಕಟದಲ್ಲೂ ಗಂಡನ ಪರ. ಎಂಥ ಮಹಾನುಭಾವನೋ. ಹೆಂಡತಿ ಎದೆ ಹಿಡ್ಕೊಂಡು ಗಾಡಿ ಓಡಿಸ್ಬೇಕು, ಇವನಿಗೆ ಇವತ್ತಿನವರೆಗೂ ಬಂದು ತೆಗೆಯೋಕೆ ಬಿಡುವಿಲ್ಲ. ಕೈಗೆ ಸಿಗಲಿ, ಗ್ರಹಚಾರ ಬಿಡಿಸ್ತೀನಿ."

"ಬಿಡಿಸ್ಬೇಕು," ಎಂದ ಮೇಸ್ತ್ರಿ. ಚಹಾ ಹಾಗೇ ಉಳಿಯಿತು.

ಮೂರರ ಹೊತ್ತಿಗೆ ಕೊನೆಯ ಸಾಲು ಮತ್ತು ಗೇಟಿನ ದಾರಿ ಬಿಟ್ಟು ಅಂಗಳವೆಲ್ಲ ಕಪ್ಪಾಗಿತ್ತು. ಲಾರಿ ಬಂತು. ಚಾಲಕ ಇಳಿದ, ಬಾಗಿಲು ತುಂಬುವಂಥ ಆಳು. ಕಾರನ್ನು ಒಂದು ಸುತ್ತು ಹಾಕಿ, ಕಿಟಕಿಯಲ್ಲಿ ನೋಡಿ ತಲೆಯಾಡಿಸಿದ.

"ಹ್ಯಾಂಡ್‌ಬ್ರೇಕ್ ಹಾಕಿದೆ. ಬಾಗಿಲು ತೆಗೀದೆ ಎಳೆಯೋಕಾಗಲ್ಲ."

ಲಾರಿಯಿಂದ ತೆಳುವಾದ ಕಬ್ಬಿಣದ ಪಟ್ಟಿ ತಂದು ಕಿಟಕಿಯ ಸಂದಿಗೆ ಇಟ್ಟ.

"ಗಾಜು ಮುಟ್ಟಬೇಡಿ."

ಮೇಸ್ತ್ರಿ ಹಸಿ ಲೇಪನವನ್ನು ಅರ್ಧಕ್ಕೇ ಬಿಟ್ಟು ಬಂದಿದ್ದ. ಜೇಬಿಗೆ ಕೈ ಹಾಕಿ, ಫೋನಿನ ಹಿಂದಿನಿಂದ ಒಂದು ಕೀಲಿ ತೆಗೆದ.

"ಅಂದುಕೊಂಡೆ," ಎಂದಳು ಗೇಟಕ್ಕ. "ಬೆಳಗಿನಿಂದ ನೋಡ್ತಾನೇ ಇದ್ದೀನಿ. ಪರರ ಗಾಡಿಗೆ ಕೀಲಿನೂ ಮಾಡಿಸ್ಕೊಂಡು ಬಂದ್ರಾ ಮೇಸ್ತ್ರಿ?"

"ಯಾರ ಕೀಲಿಯಾದ್ರೂ ಆಗ್ಲಿ," ಎಂದು ಚಾಲಕ ಕೈ ಚಾಚಿದ. "ಕೊಡಿ ಇಲ್ಲಿ. ಒಂದು ನಿಮಿಷ ಕೂತು ಆಚೆ ತೆಗೆದುಬಿಡ್ತೀನಿ."

"ಕೊಡಲ್ಲ. ನೀವು ಕೂರಬೇಕಂದ್ರೆ ಸೀಟು ಹಿಂದಕ್ಕೆ ತಳ್ಳಬೇಕು. ಅವತ್ತು ನಾನು ಇನ್ನೊಂದು ಕಡೆ ಅಂಚು ಮುಟ್ಟಿಸ್ತಾ ಇದ್ದೆ, ನಮ್ಮೋಳು ಏಳು ಸಲ ಫೋನ್ ಮಾಡಿ, ಆಮೇಲೆ ತಾನೇ ಓಡಿಸ್ಕೊಂಡು ಬಂದ್ಲು. ಒಳಗೆ ಹೋದೋಳು ಎದ್ದು ಬರ್ಲಿಲ್ಲ. ಸೀಟೊಂದು ಅವಳು ಮುಂದಕ್ಕೆ ಎಳ್ಕೊಂಡ ಹಾಗೇ ಇದೆ. ಕೊಡಲ್ಲ."